ಜೀನ್ ರಿಪೋರ್ಟಿನಲ್ಲಿ ಹೃದಯದ ಅಪಾಯ ‘ಸರಾಸರಿ’ ಅಂತ ಬಂದಿದೆ, ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಬಹುದಾ?

ಕಟಪಾಡಿಯವ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನಗೆ 39 ವರ್ಷ. ಮಲ್ಪೆಯಲ್ಲಿ ಬೋಟಿನ ಇಂಜಿನ್ ರಿಪೇರಿ ಕೆಲಸ. ಸಿಗರೇಟು ಇಲ್ಲ, ಕುಡಿಯುವುದಿಲ್ಲ. ದಿನವಿಡೀ ಬಗ್ಗಿ ಎದ್ದು ಮಾಡುವ ಕೆಲಸ ಆದ್ದರಿಂದ ಹೊಟ್ಟೆಯೂ ಬಂದಿಲ್ಲ.

ಅಪ್ಪ 2008ರಲ್ಲಿ ತೀರಿಕೊಂಡರು. ಆಗ ಅವರಿಗೆ 51. ಬೆಳಿಗ್ಗೆ ತೋಟಕ್ಕೆ ನೀರು ಬಿಡಲು ಹೋದವರು ಪಂಪ್ ಶೆಡ್ಡಿನ ಗೋಡೆಗೆ ಒರಗಿ ಕೂತಿದ್ದರು. ಷರ್ಟು ಪೂರ್ತಿ ಬೆವರಲ್ಲಿ ಒದ್ದೆ. ರಿಕ್ಷಾದಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಉದ್ಯಾವರ ಸೇತುವೆ ದಾಟುವಾಗ ನನ್ನ ಕೈ ಹಿಡಿದಿದ್ದ ಅವರ ಕೈ ಸಡಿಲವಾಯಿತು. ಆ ಸೇತುವೆ ಮೇಲೆ ನಾನು ದಿನಾ ಹೋಗಿ ಬರುತ್ತೇನೆ. ಚಿಕ್ಕಪ್ಪನಿಗೆ 47ಕ್ಕೇ ಬೈಪಾಸ್ ಆಗಿದೆ.

ಕಳೆದ ವರ್ಷ ಒಂದು ಆರೋಗ್ಯ ಶಿಬಿರದಲ್ಲಿ ರಕ್ತ ಕೊಟ್ಟೆ. ಒಟ್ಟು ಕೊಲೆಸ್ಟ್ರಾಲ್ 296, ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 214. ಡಾಕ್ಟರು ಮಾತ್ರೆ ಬರೆದುಕೊಟ್ಟರು, ಎಂಟು ತಿಂಗಳಿಂದ ತೆಗೆದುಕೊಳ್ಳುತ್ತಿದ್ದೇನೆ. ಈ ನಡುವೆ ದುಬೈಯಲ್ಲಿರುವ ಅಮ್ಮನ ಕಡೆಯ ತಮ್ಮ ಒಬ್ಬ ಜೀನ್ ಪರೀಕ್ಷೆಯ ಕಿಟ್ ಕೊಟ್ಟ. ಕೊಳವೆಗೆ ಉಗುಳಿ ಕಳಿಸುವುದು. ಆರು ವಾರದ ಮೇಲೆ ರಿಪೋರ್ಟ್ ಬಂತು. ಮಧುಮೇಹಕ್ಕೆ ‘ಸ್ವಲ್ಪ ಜಾಸ್ತಿ’. ಹೃದಯದ ರಕ್ತನಾಳದ ಕಾಯಿಲೆಗೆ ಹಸಿರು ಬಣ್ಣದಲ್ಲಿ ‘ಸರಾಸರಿ ಅಪಾಯ’. ಅಪಾಯ ಕಡಿಮೆ ಇದ್ದವರಿಂದ ಜಾಸ್ತಿ ಇದ್ದವರವರೆಗೆ ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ನಾನು 46ನೆಯವನಂತೆ.

ಹೆಂಡತಿ ಅದನ್ನು ಓದಿ ದೇವರ ಕೋಣೆಗೆ ಹೋಗಿ ಅತ್ತಳು. ಇನ್ನು ಮಾತ್ರೆ ಯಾಕೆ, ಜೀವಮಾನವಿಡೀ ನುಂಗುವುದು ಯಾಕೆ ಅಂತ ಕೇಳುತ್ತಿದ್ದಾಳೆ. ನನಗೆ ಮಾತ್ರ ಆ ಹಸಿರು ಬಣ್ಣ ನೋಡಿ ಸಮಾಧಾನ ಆಗಲಿಲ್ಲ. ಅಪ್ಪನಿಗೆ ಏನಾಯಿತು ಹಾಗಾದರೆ?

ಈ ‘ಸರಾಸರಿ’ ಅಂದರೆ ಎಂತದು? ಮಾತ್ರೆ ನಿಲ್ಲಿಸಬಹುದಾ? ಮಗಳಿಗೆ 11, ಮಗನಿಗೆ 7. ಅವರಿಗೂ ಈ ಕಿಟ್ ಮಾಡಿಸಬೇಕಾ? ಗೊತ್ತಿದ್ದವರು ಹೇಳಿ.

ಸುರತ್ಕಲ್ ನಡಿಗೆಗಾರ ಉತ್ತರ:

ನಾನೂ ಇಂಥದ್ದೇ ಪರೀಕ್ಷೆ ಮಾಡಿಸಿದ್ದೇನೆ. ನನ್ನದು ‘ಕಡಿಮೆ ಅಪಾಯ’. ಜೀನ್ ಅಂದರೆ ಹುಟ್ಟುವಾಗಲೇ ಬರೆದದ್ದು, ಬದಲಾಗುವುದಿಲ್ಲ. ಕೊಲೆಸ್ಟ್ರಾಲ್ ಇವತ್ತು ಏರುತ್ತದೆ, ನಾಳೆ ಇಳಿಯುತ್ತದೆ. ನಾನಾಗಿದ್ದರೆ ಜೀನ್ ರಿಪೋರ್ಟನ್ನೇ ನಂಬುತ್ತಿದ್ದೆ. ಎಣ್ಣೆ ಬಿಡಿ, ಬೆಳಿಗ್ಗೆ ಬೀಚಿನಲ್ಲಿ ಒಂದು ಗಂಟೆ ನಡೆಯಿರಿ.

ಹಂಪನಕಟ್ಟೆ ಲ್ಯಾಬ್ ಅಕ್ಕ ಉತ್ತರ:

ಕಟಪಾಡಿಯವರೇ, ಉಳಿದದ್ದೆಲ್ಲ ಆಮೇಲೆ. ಮಾತ್ರೆ ನಿಲ್ಲಿಸಬೇಡಿ. ಇವತ್ತು ರಾತ್ರಿಯದ್ದೂ ತಪ್ಪಿಸಬೇಡಿ.

ನಾನು ಮಂಗಳೂರಿನಲ್ಲಿ 19 ವರ್ಷದಿಂದ ಲ್ಯಾಬ್ ಕೆಲಸ ಮಾಡುತ್ತಿದ್ದೇನೆ, ಅದರಲ್ಲಿ ಆರು ವರ್ಷ ಜೀನ್ ಪರೀಕ್ಷೆಯ ವಿಭಾಗದಲ್ಲಿ. ನಿಮ್ಮ ಬರಹದಲ್ಲಿ ನನ್ನ ಕಣ್ಣು ನಿಂತದ್ದು 46ರ ಮೇಲೆ ಅಲ್ಲ, 214ರ ಮೇಲೆ. ಅಪ್ಪ 51ಕ್ಕೆ, ಚಿಕ್ಕಪ್ಪ 47ಕ್ಕೆ, ನೀವು ತೆಳ್ಳಗೆ ಇದ್ದೂ 214. ಈ ಮೂರನ್ನು ಒಟ್ಟಿಗೆ ಇಟ್ಟರೆ ನನಗೆ ಸುಮ್ನೆ ಕೂರಲು ಆಗುವುದಿಲ್ಲ.

ಆ ಅಂಕ ಹೇಗೆ ಬರುತ್ತದೆ ಅಂತ ಹೇಳುತ್ತೇನೆ. ನಮ್ಮ ಜೀನೋಮಿನಲ್ಲಿ, ಅಂದರೆ ದೇಹದ ಪೂರ್ತಿ ಜೀನ್ ಬರಹದಲ್ಲಿ, ಸುಮಾರು 300 ಕೋಟಿ ಅಕ್ಷರ ಇದೆ ಅಂತ ಇಟ್ಟುಕೊಳ್ಳಿ. 26 ಜನಸಮೂಹಗಳ 2,504 ಜನರ ಜೀನೋಮ್ ಓದಿದ ದೊಡ್ಡ ಯೋಜನೆಯೊಂದು 2015ರಲ್ಲಿ ಮುಗಿಯಿತು. ಮಾದರಿಯಾಗಿ ಇಟ್ಟ ಜೀನೋಮಿಗೂ ಯಾವುದೇ ಒಬ್ಬ ಮನುಷ್ಯನಿಗೂ 40ರಿಂದ 50 ಲಕ್ಷ ಜಾಗದಲ್ಲಿ ವ್ಯತ್ಯಾಸ ಇರುತ್ತದೆ ಅಂತ ಅದರಲ್ಲಿ ಗೊತ್ತಾಯಿತು. ಹೆಚ್ಚಿನವು ಏನೂ ಮಾಡುವುದಿಲ್ಲ. ಕೆಲವು ಅಕ್ಷರಗಳು ಮಾತ್ರ ಕಾಯಿಲೆ ಇದ್ದವರಲ್ಲಿ ಒಂಚೂರು ಜಾಸ್ತಿ ಕಾಣುತ್ತವೆ. ಲಕ್ಷಗಟ್ಟಲೆ ಜನರನ್ನು ಹೋಲಿಸಿ, ಪ್ರತಿ ಅಕ್ಷರಕ್ಕೆ ಒಂದು ಸಣ್ಣ ತೂಕ ಕೊಟ್ಟು, ಕೂಡಿಸುತ್ತಾರೆ. ಒಂದು ಕಲ್ಲುಪ್ಪು ಹಾಕಿದರೆ ಗಂಜಿ ಉಪ್ಪಾಗುವುದಿಲ್ಲ, ಒಂದು ಮುಷ್ಟಿ ಹಾಕಿದರೆ ಆಗುತ್ತದೆ, ಅಲ್ವಾ? ಆ ಮುಷ್ಟಿಯನ್ನು ಅಳೆಯುವ ಲೆಕ್ಕ ಇದು. ಕೆಟ್ಟ ವಿಜ್ಞಾನ ಅಲ್ಲ. ಆದರೆ ಆ ತೂಕವನ್ನು ಯಾರ ಮೈಯಿಂದ ತೆಗೆದರು ಅಂತ ಕೇಳಬೇಕು.

ಬ್ರಿಟನ್ನಿನ ಒಂದು ಸಂಗ್ರಹದಲ್ಲೇ ಐದು ಲಕ್ಷ ಜನರ ಮಾಹಿತಿ ಇದೆ. ಜಗತ್ತಿನ ಇಂಥ ಅಧ್ಯಯನಗಳಲ್ಲಿ ಪಾಲ್ಗೊಂಡವರಲ್ಲಿ ಶೇ. 79ರಷ್ಟು ಜನ ಯುರೋಪ್ ಮೂಲದವರು ಅಂತ 2019ರಲ್ಲಿ ಲೆಕ್ಕ ಹಾಕಿದ್ದರು. ಅಲ್ಲಿ ಕಟ್ಟಿದ ಅಂಕ ಬೇರೆಯವರಲ್ಲಿ ಅಷ್ಟು ಸರಿಯಾಗಿ ಕೆಲಸ ಮಾಡುವುದಿಲ್ಲ. ಯಾಕೆ ಅಂದರೆ ಎಷ್ಟೋ ಸಲ ಕಿಟ್ ಓದುವ ಅಕ್ಷರವೇ ಕಾಯಿಲೆಯ ಕಾರಣ ಅಲ್ಲ, ಅದು ಹತ್ತಿರ ಎಲ್ಲೋ ಇರುವ ಕಾರಣಕ್ಕೆ ಗುರುತು ಅಷ್ಟೇ. ನೀವು ಮಲ್ಪೆಯವರು, ನಿಮಗೆ ಬೇಗ ಅರ್ಥ ಆದೀತು. ಕಾಪು ದೀಪಸ್ತಂಭವನ್ನೂ ದಡದ ಗುಡ್ಡವನ್ನೂ ಒಂದು ಗೆರೆಗೆ ತಂದು ಇಲ್ಲೇ ನೀರಿನಡಿ ಬಂಡೆ ಉಂಟು ಅಂತ ಹೇಳುವುದು ಈ ಕಡಲಿಗೆ ಸರಿ. ಅದೇ ಲೆಕ್ಕ ಹಿಡಿದು ಬೇರೆ ಕರಾವಳಿಯಲ್ಲಿ ಬೋಟ್ ಓಡಿಸಿದರೆ?

ಇನ್ನೊಂದು ಕಡೆಯಿಂದಲೂ ನೋಡಿ. ನಮ್ಮಲ್ಲಿ ಮಾತ್ರ ಜಾಸ್ತಿ ಇರುವ ವ್ಯತ್ಯಾಸಗಳು ಅಲ್ಲಿಯವರ ಲೆಕ್ಕಕ್ಕೆ ಸಿಗುವುದೇ ಇಲ್ಲ. ಹೃದಯದ ಸ್ನಾಯುವಿನ ಒಂದು ಜೀನಿನಲ್ಲಿ, ಎಂವೈಬಿಪಿಸಿ3 ಅಂತ ಹೆಸರು, 25 ಅಕ್ಷರ ಬಿಟ್ಟುಹೋದ ರೂಪವೊಂದು ಭಾರತೀಯರಲ್ಲಿ ನೂರಕ್ಕೆ ಸುಮಾರು ನಾಲ್ಕು ಜನರಲ್ಲಿ ಇದೆ. ಹೃದಯದ ಸ್ನಾಯು ದುರ್ಬಲವಾಗುವುದಕ್ಕೂ ಅದಕ್ಕೂ ನಂಟಿದೆ ಅಂತ 2009ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ತಂಗರಾಜ್ ಮತ್ತು ಜೊತೆಗಾರರು ತೋರಿಸಿದರು. ಯುರೋಪಿನವರಲ್ಲಿ ಅದು ಹುಡುಕಿದರೂ ಸಿಗುವುದು ಕಷ್ಟ. ನಿಮ್ಮ ಮನೆಯ ಕಾಯಿಲೆ ಅದು ಅಂತ ಹೇಳುತ್ತಿಲ್ಲ. ಇಲ್ಲಿ ಹುಡುಕಿದರೆ ಮಾತ್ರ ಸಿಗುವಂಥದ್ದು ಉಂಟು ಅಂತ ಹೇಳಿದೆ. ಜೀನೋಮ್‌ಇಂಡಿಯಾ ಅನ್ನುವ ನಮ್ಮ ದೇಶದ ಯೋಜನೆಯವರು 83 ಸಮುದಾಯಗಳ ಸುಮಾರು 10,000 ಜನರ ಜೀನೋಮ್ ಓದಿ, 2025ರ ಜನವರಿಯಲ್ಲಿ ಸಂಶೋಧಕರಿಗೆ ಒದಗಿಸಿದ್ದಾರೆ. ನನಗೆ ಅದು ದೊಡ್ಡ ಖುಷಿ. ಆದರೆ ಅದರಿಂದ ನಮ್ಮದೇ ತೂಕದ ಕಲ್ಲು ತಯಾರಾಗಲು ಕಾಯಿಲೆಯ ವಿವರವೂ ಸೇರಿದ ಲಕ್ಷಗಟ್ಟಲೆ ಜನ ಬೇಕು.

‘ಸರಾಸರಿ’ ಅನ್ನುವ ಮಾತು ಕೂಡ. ಯಾರ ಸರಾಸರಿ? 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಬಂತು. ಅದರಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆದ ನಡುವಣ ವಯಸ್ಸು 53, ಉಳಿದ ದೇಶಗಳವರಿಗಿಂತ ಐದಾರು ವರ್ಷ ಮೊದಲೇ. ನಮ್ಮ ಸರಾಸರಿಯೇ ನೆಮ್ಮದಿಯದ್ದಲ್ಲ.

ಈಗ ಅಸಲು ವಿಷಯ. ಆ ಕಿಟ್ ಉಪ್ಪಿನ ಕಲ್ಲುಗಳನ್ನು ಎಣಿಸುತ್ತದೆ. ಪಾತ್ರೆಯೇ ಒಡೆದಿದ್ದರೆ ಅದಕ್ಕೆ ಕಾಣುವುದಿಲ್ಲ.

ನಮ್ಮ ಲಿವರ್ ಕೋಶಗಳ ಮೇಲೆ ರಕ್ತದಲ್ಲಿನ ಎಲ್‌ಡಿಎಲ್ ಹಿಡಿದು ಒಳಗೆ ಎಳೆದುಕೊಳ್ಳುವ ಕೈಗಳಿವೆ. ಡಲ್ಲಾಸಿನ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಆ ಕೈಗಳನ್ನು ಕಂಡುಹಿಡಿದರು, 1985ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅಪ್ಪ ಅಮ್ಮ ಇಬ್ಬರಿಂದ ಆ ಕೈಗಳನ್ನು ತಯಾರಿಸುವ ಜೀನಿನ ಒಂದೊಂದು ಪ್ರತಿ ಬರುತ್ತದೆ. ಒಂದು ಪ್ರತಿ ಕೆಟ್ಟಿದ್ದರೆ ಸರಿಯಾಗಿ ಕೆಲಸ ಮಾಡುವ ಕೈ ಅರ್ಧಕ್ಕರ್ಧ ಕಡಿಮೆ. ನಿಮ್ಮ ಕೆಲಸದ ಮಾತಿನಲ್ಲಿ ಹೇಳುವುದಾದರೆ ಇಂಜಿನ್ನಿಗೆ ಎರಡು ಫಿಲ್ಟರ್, ಒಂದು ಫ್ಯಾಕ್ಟರಿಯಿಂದಲೇ ಬ್ಲಾಕ್ ಆಗಿ ಬಂದಿದೆ. ಎಷ್ಟು ಒಳ್ಳೆಯ ಡೀಸೆಲ್ ಹಾಕಿದರೂ ಕಸ ಕೂರುತ್ತದೆ, ಅದೂ ಹುಟ್ಟಿದ ದಿನದಿಂದ. ಇದಕ್ಕೆ ಕುಟುಂಬದಲ್ಲಿ ಹರಿದುಬರುವ ಅಧಿಕ ಕೊಲೆಸ್ಟ್ರಾಲ್ ಅಂತಾರೆ, ಚಿಕ್ಕದಾಗಿ ಎಫ್‌ಎಚ್. ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಗಂಡಸರಲ್ಲಿ ಅರ್ಧದಷ್ಟು ಜನರಿಗೆ 50ರೊಳಗೆ ಹೃದಯದ ಕಾಯಿಲೆ ಬರುತ್ತದೆ. ಆ ಜೀನ್ ಕೆಡುವ ಬಗೆ ಎರಡು ಸಾವಿರಕ್ಕೂ ಹೆಚ್ಚು ಗೊತ್ತಿದೆ. ಉಗುಳಿನ ಕಿಟ್ಟುಗಳು ಸಾಮಾನ್ಯವಾಗಿ ಮೊದಲೇ ಆರಿಸಿದ ಆರೇಳು ಲಕ್ಷ ಜಾಗ ಮಾತ್ರ ನೋಡುತ್ತವೆ. ನಿಮ್ಮ ಮನೆಯ ತಪ್ಪು ಆ ಪಟ್ಟಿಯಲ್ಲೇ ಇಲ್ಲದಿರಬಹುದು.

ಸುರತ್ಕಲಿನವರೇ, ನೀವು ಒಳ್ಳೆಯದಕ್ಕೇ ಹೇಳಿದ್ದೀರಿ, ನಡಿಗೆ ಖಂಡಿತ ಬೇಕು. ಆದರೆ ಇವರ ವಿಷಯದಲ್ಲಿ 214 ಅನ್ನುವುದೇ ಜೀನ್ ಆಡುತ್ತಿರುವ ಮಾತು ಆಗಿರಬಹುದು.

ಕಟಪಾಡಿಯವರೇ, ಮೂರು ವಿಷಯ ವಿಚಾರಿಸಿ ಬನ್ನಿ. ಅಪ್ಪನ ಹಿಮ್ಮಡಿಯ ಮೇಲಿನ ಟೆಂಡನ್, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ, ದಪ್ಪ ಇತ್ತಾ, ಅಥವಾ ಬೆರಳಿನ ಗೆಣ್ಣುಗಳ ಮೇಲೆ ಗಂಟು ಇತ್ತಾ? ಚಿಕ್ಕ ವಯಸ್ಸಿನಲ್ಲೇ ಕಣ್ಣಿನ ಕಪ್ಪು ಭಾಗದ ಸುತ್ತ ಬಿಳಿ ಉಂಗುರ ಬಂದವರು ಯಾರಾದರೂ ಇದ್ದಾರಾ? ಅಪ್ಪನ ಕಡೆ ಯಾರು ಯಾವ ವಯಸ್ಸಿನಲ್ಲಿ ಹೇಗೆ ಹೋದರು?

ಬ್ರಹ್ಮಾವರದಿಂದ ಉತ್ತರ:

ಅಕ್ಕ, ತುಂಬ ಚೆನ್ನಾಗಿ ಬಿಡಿಸಿ ಹೇಳಿದಿರಿ. ನನಗೊಂದು ಹೆದರಿಕೆ. ಜೀನ್ ಪರೀಕ್ಷೆ ಮಾಡಿಸಿದರೆ ನಾಳೆ ಆರೋಗ್ಯ ವಿಮೆಯವರು ಅದೇ ನೆಪದಲ್ಲಿ ಹಣ ಕೊಡುವುದಿಲ್ಲ ಅಂದರೆ?

ಹಂಪನಕಟ್ಟೆ ಲ್ಯಾಬ್ ಅಕ್ಕ ಉತ್ತರ:

‘ಜೆನೆಟಿಕ್ ಕಾಯಿಲೆ’ ಅಂತ ಸಾರಾಸಗಟಾಗಿ ಹೊರಗಿಡುವುದು ತಾರತಮ್ಯ ಅಂತ ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿತು. ಅದೇ ವರ್ಷ ವಿಮಾ ನಿಯಂತ್ರಣ ಪ್ರಾಧಿಕಾರವೂ ಹೊಸ ಆರೋಗ್ಯ ಪಾಲಿಸಿಗಳಲ್ಲಿ ಆ ಷರತ್ತು ಹಾಕಬೇಡಿ ಅಂತ ಕಂಪನಿಗಳಿಗೆ ಸೂಚಿಸಿತು. ಪಾಲಿಸಿ ಮಾಡುವಾಗ ಗೊತ್ತಿರುವ ಕಾಯಿಲೆಯನ್ನು ಮುಚ್ಚಿಡಬೇಡಿ, ತೊಂದರೆ ಶುರುವಾಗುವುದು ಅಲ್ಲಿಂದ. ಕಿಟ್ ಕಂಪನಿಗೆ ಮಾಹಿತಿ ಕೊಡುವಾಗಲೂ ಹುಷಾರು. ಅಮೆರಿಕದ ಇಂಥದ್ದೇ ಕಂಪನಿ 23ಆಂಡ್‌ಮಿ 2025ರ ಮಾರ್ಚಿನಲ್ಲಿ ದಿವಾಳಿ ಅರ್ಜಿ ಹಾಕಿದಾಗ ಕೋಟಿಗಿಂತ ಹೆಚ್ಚು ಜನ ತಮ್ಮ ಜೀನ್ ಮಾಹಿತಿ ಯಾರ ಕೈ ಸೇರುತ್ತದೋ ಅಂತ ಕಾಯಬೇಕಾಯಿತು.

ಕಟಪಾಡಿಯವ ಉತ್ತರ, ಹತ್ತು ದಿನದ ನಂತರ:

ಅಕ್ಕ, ಮಾತ್ರೆ ಬಿಡಲಿಲ್ಲ. ನೀವು ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ. ಈಗ ರಾತ್ರಿ ಊಟ ಆದ ಕೂಡಲೇ ಅವಳೇ ಮಾತ್ರೆ ತಂದು ಕೈಗೆ ಕೊಡುತ್ತಾಳೆ.

ಮೊದಲು ಅಮ್ಮನನ್ನು ಕೇಳಿದೆ. ಅಪ್ಪನ ಕಡೆಯದ್ದು ಅವರಿಗೆ ಅಷ್ಟು ಗೊತ್ತಿಲ್ಲ. ನಮ್ಮಲ್ಲಿ ಬರಿ, ಅಂದರೆ ಗೋತ್ರದ ಹಾಗಿನ ವಂಶದ ಗುರುತು, ಬರುವುದು ಅಮ್ಮನಿಂದ. ನಾನು ವರ್ಷಕ್ಕೊಮ್ಮೆ ದೈವದ ತಂಬಿಲ ಪೂಜೆಗೆ ಹೋಗುವುದೂ ಅಮ್ಮನ ಕುಟುಂಬದ ಮನೆಗೆ. ಆ ಕಡೆ ಐದು ತಲೆಮಾರಿನ ಹೆಸರನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಅಪ್ಪನ ಕುಟುಂಬದ ಮನೆ ಶಿರ್ವದ ಹತ್ತಿರ, ಅಪ್ಪ ಹೋದ ಮೇಲೆ ನಾನು ಅಲ್ಲಿಗೆ ಹೋದದ್ದು ನಾಲ್ಕೋ ಐದೋ ಸಲ.

ಭಾನುವಾರ ಹೋದೆ. ಅಪ್ಪನ ಅಕ್ಕ, ನಮ್ಮ ಮಾಮಿ, ಅಲ್ಲಿದ್ದಾರೆ. ಎಪ್ಪತ್ತು ದಾಟಿದೆ. ಚಾವಡಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಪಕ್ಕದಲ್ಲಿ ಕೂತು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತಾ ಹೋದೆ.

ಹಿಮ್ಮಡಿ ಅಂದ ಕೂಡಲೇ ಮಾಮಿ ನೂಲು ಕೆಳಗಿಟ್ಟರು. ‘ನಿನ್ನ ಅಪ್ಪ ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕುತ್ತಿದ್ದನಾ?’ ಅಂತ ನನ್ನನ್ನೇ ಕೇಳಿದರು. ಆಗ ನನಗೆ ನೆನಪಾಯಿತು. ಅಪ್ಪ ಹೊಸ ಸ್ಯಾಂಡಲ್ ತಂದ ದಿನವೇ ಬ್ಲೇಡಿನಲ್ಲಿ ಹಿಂದಿನ ಪಟ್ಟಿ ಕತ್ತರಿಸುತ್ತಿದ್ದರು. ಅಲ್ಲಿ ಅಡಿಕೆಯಷ್ಟು ದೊಡ್ಡ ಗಂಟು, ಗಟ್ಟಿ, ನೋವಿಲ್ಲ. ನಾನು ಸಣ್ಣವನಿದ್ದಾಗ ಅದನ್ನು ಒತ್ತಿ ಆಡುತ್ತಿದ್ದೆ. ತೋಟದಲ್ಲಿ ಬರಿಗಾಲಲ್ಲಿ ದುಡಿದು ಆದದ್ದು ಅಂತ ಎಲ್ಲರೂ ತಿಳಿದಿದ್ದೆವು.

ಮಾಮಿ ಸೀರೆ ಸ್ವಲ್ಪ ಎತ್ತಿ ತಮ್ಮ ಕಾಲು ತೋರಿಸಿದರು. ಎರಡೂ ಹಿಮ್ಮಡಿಯಲ್ಲಿ ಅದೇ ಗಂಟು.

ಅಜ್ಜಿ, ಅಂದರೆ ಮಾಮಿಯ ಅಮ್ಮ, 86ರವರೆಗೆ ಗಟ್ಟಿಯಾಗಿದ್ದರು. ಅಜ್ಜ 44ಕ್ಕೆ ಹೋದರು, ಗದ್ದೆಯ ಹುಣಿಯಲ್ಲಿ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಅಜ್ಜನ ತಮ್ಮನೂ 50 ದಾಟಲಿಲ್ಲ. ಕ್ಯಾಲೆಂಡರಿನ ಮೇಲೆ ಗೆರೆ ಎಳೆದು ನೋಡಿದೆ: ಅಜ್ಜ, ಅಪ್ಪ, ನಾನು. ಮೂವರದ್ದೂ ಬೇರೆ ಬೇರೆ ಬರಿ, ಬೇರೆ ಬೇರೆ ಕುಟುಂಬದ ಮನೆ. ಈ ಮೂವರನ್ನು ಒಂದೇ ಗೆರೆಯಲ್ಲಿ ಎಣಿಸುವ ಮನೆ ಎಲ್ಲೂ ಇಲ್ಲ. ಅಜ್ಜನ ಸಾವು ಅವರ ಮನೆಯ ಲೆಕ್ಕದಲ್ಲಿ, ಅಪ್ಪನದ್ದು ಶಿರ್ವದ ಲೆಕ್ಕದಲ್ಲಿ. ಕೂಡಿಸಿ ನೋಡಿದವರು ಯಾರೂ ಇರಲಿಲ್ಲ. ಅದು ನನ್ನನ್ನು ಬಹಳ ಕಾಡುತ್ತಿದೆ. 2008ಕ್ಕೆ ಮೊದಲು ಯಾರಾದರೂ ಒಂದು ಸಲ ಹೀಗೆ ಬರೆದು ನೋಡಿದ್ದರೆ?

ಇನ್ನೊಂದು ವಿಷಯ ಕೇಳಬೇಕು. ಚಿಕ್ಕಪ್ಪನ ಮಗನಿಗೆ ಮಾಮಿಯ ಮಗಳ ಮಗಳನ್ನು ತರುವ ಮಾತು ನಡೆಯುತ್ತಿದೆ. ಬರಿ ಬೇರೆ, ಹಾಗಾಗಿ ನಮ್ಮ ಕ್ರಮದಲ್ಲಿ ತಪ್ಪೇನಿಲ್ಲ. ಆದರೆ ಈಗ ನನಗೆ ಹೆದರಿಕೆ ಆಗುತ್ತಿದೆ.

ಹಂಪನಕಟ್ಟೆ ಲ್ಯಾಬ್ ಅಕ್ಕ ಉತ್ತರ:

ನಿಮ್ಮ ಅಪ್ಪನ ಚಪ್ಪಲಿಯ ವಿಷಯ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಆ ಗಂಟು ಕೊಲೆಸ್ಟ್ರಾಲ್ ಟೆಂಡನ್ನಿನಲ್ಲಿ ಕೂತದ್ದು ಇರಬೇಕು. ಹಿಮ್ಮಡಿಯ ಗಂಟು, 190 ದಾಟಿದ ಎಲ್‌ಡಿಎಲ್, ಚಿಕ್ಕ ವಯಸ್ಸಿನ ಹೃದಯಾಘಾತ, ಮೂರೂ ಇದ್ದರೆ ಡಾಕ್ಟರುಗಳು ಎಫ್‌ಎಚ್ ಅಂತಲೇ ಹಿಡಿದು ನಡೆಯುತ್ತಾರೆ. ಹೃದಯದ ಡಾಕ್ಟರಿಗೆ ಆ ಕ್ಯಾಲೆಂಡರ್ ಹಾಳೆಯನ್ನೇ ತೆಗೆದುಕೊಂಡು ಹೋಗಿ ತೋರಿಸಿ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಮೆಡಿಕಲ್ ಜೆನೆಟಿಕ್ಸ್ ವಿಭಾಗ ಇದೆ, ನಿಮಗೆ ಹತ್ತಿರ. ಒಬ್ಬರಲ್ಲಿ ಆ ಜೀನಿನ ತಪ್ಪು ಯಾವುದು ಅಂತ ಸಿಕ್ಕಿದರೆ, ಉಳಿದವರಲ್ಲಿ ಅದೊಂದೇ ಜಾಗ ನೋಡಿದರೆ ಸಾಕು. ಸಿಗದಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ, ಎಲ್‌ಡಿಎಲ್ ನೋಡಿ ಮಾಡುತ್ತಾರೆ.

ಮಕ್ಕಳಿಗೆ ಉಗುಳಿನ ಕಿಟ್ ಬೇಡ. ಸಾದಾ ರಕ್ತಪರೀಕ್ಷೆ ಮಾಡಿಸಿ, ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಲೆಕ್ಕ. ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ, ಹುಡುಗ ಹುಡುಗಿ ಅನ್ನುವ ಭೇದ ಇಲ್ಲ. ಇಂಥ ಮನೆಯ ಮಕ್ಕಳಲ್ಲಿ ಎಲ್‌ಡಿಎಲ್ 160 ದಾಟಿದರೆ ಎಫ್‌ಎಚ್ ಅಂತ ಬಲವಾಗಿ ಅನುಮಾನ ಪಡುತ್ತಾರೆ. ಎಂಟು ಹತ್ತು ವರ್ಷದಿಂದಲೇ ಮಾತ್ರೆ ಕೊಡುವ ಕ್ರಮ ಇದೆ. ಬೇಗ ಶುರು ಮಾಡಿದ ಮಕ್ಕಳು ದೊಡ್ಡವರಾದಾಗ ಎಷ್ಟೋ ಚೆನ್ನಾಗಿರುತ್ತಾರೆ.

ಮದುವೆಯ ಮಾತು: ಇಬ್ಬರಿಗೂ ಮೊದಲು ಲಿಪಿಡ್ ನೋಡಿ. ಒಬ್ಬರದ್ದಾದರೂ ಸರಿ ಇದ್ದರೆ ಈ ವಿಷಯದಲ್ಲಿ ದೊಡ್ಡ ಹೆದರಿಕೆ ಇಲ್ಲ. ಇಬ್ಬರಿಗೂ ಇದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಎರಡೂ ಪ್ರತಿ ಕೆಟ್ಟಿರುವ ಸಾಧ್ಯತೆ. ಅಂಥ ಮಕ್ಕಳಿಗೆ ಚಿಕಿತ್ಸೆ ಇಲ್ಲದಿದ್ದರೆ ಹತ್ತು ಇಪ್ಪತ್ತು ವರ್ಷದೊಳಗೇ ಹೃದಯಾಘಾತ ಆಗಬಹುದು. ಬರಿ ಬೇರೆಯಾದರೂ ಜೀನ್ ಗಂಡು ಹೆಣ್ಣು ಎರಡೂ ಕಡೆಯಿಂದ ಬರುತ್ತದೆ. ಹಿರಿಯರಿಗೆ ಮಾಮಿಯ ಬಾಯಲ್ಲೇ ಹೇಳಿಸಿ, ನೀವು ಹೇಳುವುದಕ್ಕಿಂತ ಅದಕ್ಕೆ ತೂಕ ಜಾಸ್ತಿ.

2008ರ ಬಗ್ಗೆ ಕೇಳಿದ್ದೀರಿ. ಅಡಿಕೆಯಷ್ಟು ಗಂಟನ್ನು ನೋಡಿ ರಕ್ತಪರೀಕ್ಷೆ ಮಾಡಿಸಬೇಕು ಅಂತ ಮನೆಯವರಿಗೆ ಹೇಗೆ ಹೊಳೆಯಬೇಕು? ಅದನ್ನು ನಿಮ್ಮ ಮೇಲೆ ಹಾಕಿಕೊಳ್ಳಬೇಡಿ.

ಸುರತ್ಕಲ್ ನಡಿಗೆಗಾರ ಉತ್ತರ:

ನಾನು ಕೊಟ್ಟ ಸಲಹೆ ತಪ್ಪಾಗಿತ್ತು, ಕ್ಷಮಿಸಿ. ನನ್ನ ಎಲ್‌ಡಿಎಲ್ ನಾನು ಯಾವತ್ತೂ ನೋಡಿಸಿಲ್ಲ. ಸೋಮವಾರ ಖಾಲಿ ಹೊಟ್ಟೆಯಲ್ಲಿ ಹೋಗುತ್ತಿದ್ದೇನೆ.

ಕಟಪಾಡಿಯವ ಉತ್ತರ, ಮೂರು ವಾರದ ನಂತರ:

ಮಗಳದ್ದು 183. ಮಗನದ್ದು 88.

ಅವಳಿಗೆ ಹೇಗೆ ಹೇಳುವುದು ಅಂತ ಎರಡು ದಿನ ಗೊತ್ತಾಗಲಿಲ್ಲ. ಕೊನೆಗೆ ವರ್ಕ್‌ಶಾಪಿಗೆ ಕರೆದುಕೊಂಡು ಹೋಗಿ ಒಂದು ಹೊಸ ಫಿಲ್ಟರು, ಒಂದು ಕಸ ಕಟ್ಟಿದ ಫಿಲ್ಟರು ಕೈಗೆ ಕೊಟ್ಟೆ. ಎರಡನ್ನೂ ಬೆಳಕಿಗೆ ಹಿಡಿದು ನೋಡಿದಳು. ‘ಅಪ್ಪಾ, ನಿಮ್ಮದೂ ನನ್ನದೂ ಒಂದೇ ಅಲ್ವಾ?’ ಅಂದಳು. ಹೌದು ಅಂದೆ. ತಮ್ಮನದ್ದು ಸರಿ ಇದೆ ಅಂತ ಕೇಳಿ ಖುಷಿಪಟ್ಟಳು. ಅದನ್ನು ನೋಡಿ ನಾನು ಹೊರಗೆ ಬಂದು ಸ್ವಲ್ಪ ಹೊತ್ತು ಬೋಟ್ ನಿಲ್ಲುವ ದಕ್ಕೆಯಲ್ಲಿ ನಿಂತೆ.

ಮಾಮಿಯದ್ದು 241, ಮಾತ್ರೆ ಶುರುವಾಗಿದೆ. ನನ್ನದು ಮಾತ್ರೆಯಲ್ಲಿ 112ಕ್ಕೆ ಬಂದಿದೆ, ಇನ್ನೂ ಇಳಿಸಬೇಕು ಅಂತ ಡಾಕ್ಟರು ಇನ್ನೊಂದು ಮಾತ್ರೆ ಸೇರಿಸಿದರು. ಚಿಕ್ಕಪ್ಪನ ಮಗನದ್ದು 197. ಮಾಮಿಯ ಮೊಮ್ಮಗಳದ್ದು 94. ಮದುವೆಯ ಮಾತು ಮುಂದುವರಿದಿದೆ. ಹುಡುಗನಿಗೂ ಮಾತ್ರೆ.

ಅಜ್ಜನ ತಮ್ಮನ ಮಕ್ಕಳು ಬೆಳ್ಮಣ್ ಕಡೆ ಇದ್ದಾರೆ ಅಂತ ಮಾಮಿ ಹೇಳಿದರು. ಮನೆಯ ಹೆಸರು ಮಾತ್ರ ಗೊತ್ತು, ಯಾರ ನಂಬರೂ ಇಲ್ಲ. ಈ ಭಾನುವಾರ ಕ್ಯಾಲೆಂಡರ್ ಹಾಳೆ ಹಿಡಿದುಕೊಂಡು ನಾನು, ಮಾಮಿ ಇಬ್ಬರೂ ಹೊರಟಿದ್ದೇವೆ.